ದೇಶ, ಕಾಲ, ಪಾತ್ರ: ಮಳೆಕಾಡಿನ ನದೀತೀರದ ಶಾಲೆಗಳು ಕಲಿಸುವ ದಾನಧರ್ಮ

(ಶ್ರೀ ಗುರುರಾಯರ ಆರಾಧನಾ ಮಹೋತ್ಸವದ ಅಂಗವಾಗಿ ಶಾಖಾಮಠದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಆರಾಧನೆಯ ಈ ಪುಣ್ಯಕಾಲದಲ್ಲಿ ವಿದ್ಯಾದಾನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ವ್ಯವಸ್ಥಾಪಕರು ಅಪ್ಪಣೆ ಮಾಡಿದ್ದಾರೆ. ನಮ್ಮ ಶಾಖೆಯ ವಿದ್ಯಾನಿಧಿಯಿಂದ ಊರಿನ ಕಡೆಯ ಯಾವುದಾದರೊಂದು ದೂರದ ಶಾಲೆಗೆ ನೆರವಾಗಬೇಕೆಂಬ ಆಲೋಚನೆ ನಡೆದಿರುವುದು ತಮಗೆಲ್ಲ ತಿಳಿದೇ ಇದೆ. ನಾನು ಶಾಸ್ತ್ರಪಂಡಿತನಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತನಾದವನು. ಆದುದರಿಂದ ಶಾಸ್ತ್ರದ ಒಂದು ಸಣ್ಣ ಸೂತ್ರವನ್ನು ಹಿಡಿದು, ಲೆಕ್ಕ ನೋಡುವವನ ಕಣ್ಣಿನಿಂದಲೇ ಈ ವಿಷಯವನ್ನು ವಿಚಾರಿಸುತ್ತೇನೆ.

ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕೊಡುವುದು ಕರ್ತವ್ಯವೆಂದು ತಿಳಿದು, ಪ್ರತಿಫಲವನ್ನು ಬಯಸದೆ, ತಕ್ಕ ದೇಶದಲ್ಲಿ, ತಕ್ಕ ಕಾಲದಲ್ಲಿ, ತಕ್ಕ ಪಾತ್ರನಿಗೆ ಕೊಟ್ಟದ್ದು ಸಾತ್ತ್ವಿಕ ದಾನ. ಗೋದಾನ, ಭೂದಾನಗಳನ್ನು ಮಾಡುವಾಗ ನಾವು ಈ ಮೂರನ್ನೂ ಪಂಚಾಂಗ ಬಿಡಿಸಿ ನೋಡುತ್ತೇವೆ. ಆದರೆ ಶಾಲೆಗೆ ಕೊಡುವಾಗ ಮಾತ್ರ ಚೆಕ್ಕು ಬರೆದು, ಫೋಟೋ ತೆಗೆಸಿಕೊಂಡು, ಹಿಂದಿರುಗಿಬಿಡುತ್ತೇವೆ.

ಇದು ಬೇರೆಯವರ ಮೇಲಿನ ದೂರಲ್ಲ, ನನ್ನದೇ ತಪ್ಪಿನ ಒಪ್ಪಿಗೆ. ಕೆಲವು ವರ್ಷಗಳ ಹಿಂದೆ ನಾವು ಕೆಲವು ಮಿತ್ರರು ಹಣ ಕೂಡಿಸಿ, ಮಲೆನಾಡಿನ ಹೊಳೆಯಾಚೆಯ ಒಂದು ಸಣ್ಣ ಶಾಲೆಗೆ ನಾಲ್ಕು ಕಂಪ್ಯೂಟರುಗಳನ್ನು ಕೊಟ್ಟೆವು. ಬೇಸಿಗೆಯಲ್ಲಿ ಹೋಗಿದ್ದೆವು, ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ನಮಗೆ ಶಾಲು ಹೊದಿಸಿ, ಹಣ್ಣು ಕೊಟ್ಟು ಕಳಿಸಿದರು. ಎರಡು ವರ್ಷಗಳ ನಂತರ ಮಳೆಗಾಲದ ಕೊನೆಯಲ್ಲಿ ಅದೇ ದಾರಿಯಲ್ಲಿ ಹೋಗುವ ಪ್ರಸಂಗ ಬಂದಿತು. ಕಂಪ್ಯೂಟರುಗಳು ಗೋಣಿಚೀಲ ಹೊದ್ದು ಮೂಲೆಯಲ್ಲಿದ್ದವು. ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ವಿದ್ಯುತ್ತು ಬರುವುದೇ ಅಪರೂಪ. ತೇವಕ್ಕೆ ಒಳಗೆಲ್ಲ ತುಕ್ಕು ಹಿಡಿದಿತ್ತು. ಮುಖ್ಯೋಪಾಧ್ಯಾಯರು ಬೇಸರಿಸಿಕೊಳ್ಳದೆ ಹೇಳಿದರು: “ಸ್ವಾಮಿ, ತಾವು ದೊಡ್ಡ ಮನಸ್ಸಿನಿಂದ ಕೊಟ್ಟಿರಿ. ಆದರೆ ಒಂದು ಮಾತು ಕೇಳಿದ್ದರೆ, ಹೊಳೆಗೆ ಒಂದು ಗಟ್ಟಿಯಾದ ಕಾಲುಸಂಕ ಬೇಕು ಎನ್ನುತ್ತಿದ್ದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಚೆಯ ಮಕ್ಕಳು ಶಾಲೆಗೆ ಬರುವುದೇ ಇಲ್ಲವಲ್ಲ.”

ನಾವು ಕೊಟ್ಟದ್ದು ಒಳ್ಳೆಯ ವಸ್ತುವೇ. ಆದರೆ ದೇಶವನ್ನು ನೋಡಲಿಲ್ಲ, ಕಾಲವನ್ನು ನೋಡಲಿಲ್ಲ, ಪಾತ್ರನನ್ನು ಕೇಳಲಿಲ್ಲ. ಈ ನಾಚಿಕೆಯೇ ನನ್ನನ್ನು ಓದಿಗೆ ಹಚ್ಚಿತು. ಮಳೆಕಾಡು, ಮಹಾನದಿ, ದೂರ ಈ ಮೂರೂ ಎಲ್ಲಕ್ಕಿಂತ ದೊಡ್ಡ ಪ್ರಮಾಣದಲ್ಲಿ ಕೂಡಿರುವುದು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದಲ್ಲಿ. ಅಲ್ಲಿ ಶಾಲೆಗಳನ್ನು ಹೇಗೆ ನಡೆಸುತ್ತಾರೆ ಎಂದು ಓದುತ್ತಾ ಹೋದಂತೆ ಗೀತೆಯ ಆ ಮೂರು ಪದಗಳಿಗೆ ನನಗೆ ಹೊಸ ಅರ್ಥ ಹೊಳೆಯಿತು. ನಾನು ಆ ದೇಶಕ್ಕೆ ಹೋದವನಲ್ಲ. ಅಲ್ಲಿಗೆ ಹಣ ಕಳಿಸಿರೆಂದು ಕೇಳಲೂ ಬಂದಿಲ್ಲ. ಕೊಡುವ ಕ್ರಮವನ್ನು ಅಲ್ಲಿಂದ ಕಲಿಯಬಹುದೆಂದು ಹೇಳಲು ಬಂದಿದ್ದೇನೆ.

ದೇಶ

ಬ್ರೆಜಿಲ್ ದೇಶದ ಅಮೆಜೋನಾಸ್ ರಾಜ್ಯದಲ್ಲಿ ಟೆಫೆ ಎಂಬ ಪಟ್ಟಣವಿದೆ. ಅದರ ಸಮೀಪದಲ್ಲಿ ಸೊಲಿಮೋಯಿಸ್ ಮತ್ತು ಜಪುರಾ ನದಿಗಳ ನಡುವೆ ಮಾಮಿರವಾ ಎಂಬ ರಕ್ಷಿತ ಅರಣ್ಯ. ಇದರ ವಿಸ್ತಾರ 11,24,000 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸುಮಾರು 28 ಲಕ್ಷ ಎಕರೆ. ಈ ಅರಣ್ಯದ ವಿಶೇಷವೆಂದರೆ ಇಲ್ಲಿ ನದಿಯ ನೀರು ಪ್ರತಿವರ್ಷವೂ 10ರಿಂದ 12 ಮೀಟರ್‌ಗಳಷ್ಟು ಏರಿ, ಕಾಡನ್ನೆಲ್ಲ ಮುಳುಗಿಸಿ, ತಿಂಗಳುಗಟ್ಟಲೆ ನಿಂತು, ಮತ್ತೆ ಇಳಿಯುತ್ತದೆ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯಕ್ಕೆ ನುಗ್ಗಿದ್ದನ್ನು ನಾವಾರೂ ಮರೆತಿಲ್ಲ. ನಮಗೆ ಅದು ಎಂದೋ ಒಮ್ಮೆ ಬಂದ ವಿಪತ್ತು. ಅವರಿಗೆ ವರ್ಷವರ್ಷದ ಋತುಧರ್ಮ. ಆದ್ದರಿಂದಲೇ ಅವರ ಮನೆಗಳು ಎತ್ತರದ ಕಂಬಗಳ ಮೇಲೆ ನಿಂತಿರುತ್ತವೆ, ಇಲ್ಲವೇ ದೊಡ್ಡ ದಿಮ್ಮಿಗಳ ಮೇಲೆ ತೇಲುತ್ತಿರುತ್ತವೆ. ಸೊಪ್ಪು ತರಕಾರಿಯ ಮಡಿಯನ್ನೂ ಅಟ್ಟದ ಮೇಲೆ ಮಾಡುತ್ತಾರೆ.

ಇಂತಹ ಸ್ಥಳದಲ್ಲಿ ಶಾಲೆಗೆ ನೆರವಾಗುವುದೆಂದರೆ ಏನು? ಸಿಮೆಂಟಿನ ಕಟ್ಟಡವೇ ಮೊದಲು ಎಂದು ನಮ್ಮ ಮನಸ್ಸು ಹೇಳುತ್ತದೆ. ಆದರೆ ಅಲ್ಲಿ ಮೊದಲು ಬೇಕಾಗುವುದು ದೋಣಿ. ನದಿಯೇ ರಸ್ತೆಯಾದ ಮೇಲೆ, ದೋಣಿಯಿಲ್ಲದ ಶಾಲೆ ಬಾಗಿಲಿಲ್ಲದ ಮನೆಯಂತೆ. ಬ್ರೆಜಿಲ್ ಸರಕಾರವು 2007ರಲ್ಲಿ ಶಾಲಾವಾಹನಗಳ ದೊಡ್ಡ ಯೋಜನೆಯನ್ನು ಕೈಗೊಂಡಾಗ ಬಸ್ಸುಗಳ ಜೊತೆಗೆ ಶಾಲಾದೋಣಿಗಳಿಗೂ ಅದರಲ್ಲಿ ಸ್ಥಾನ ದೊರೆಯಿತು. ಅವುಗಳ ನಿರ್ಮಾಣಕ್ಕೆ ನೌಕಾದಳವೇ ಕೈಜೋಡಿಸಿತು.

ದೋಣಿ ಕೊಟ್ಟರೂ ದೇಶದ ವಿಚಾರ ಮುಗಿಯಲಿಲ್ಲ. ಇಲ್ಲಿರುವ ಮಾತೆಯರು ಮುಂದಿನ ಮಾತನ್ನು ಗಮನವಿಟ್ಟು ಕೇಳಬೇಕು. ಅಲ್ಲಿನ ಸಣ್ಣ ಮೋಟಾರು ದೋಣಿಗಳಲ್ಲಿ ಎಂಜಿನ್ನಿನಿಂದ ಹಿಂಭಾಗದ ಪಂಖಕ್ಕೆ ಹೋಗುವ ಕಬ್ಬಿಣದ ದಂಡವು ದೋಣಿಯ ತಳದಲ್ಲಿ ತೆರೆದೇ ಇರುತ್ತಿತ್ತು. ಕೂತ ಹುಡುಗಿಯ ಉದ್ದ ಕೂದಲು ಒಂದು ಕ್ಷಣ ಆ ತಿರುಗುವ ದಂಡಕ್ಕೆ ಸಿಕ್ಕಿತೆಂದರೆ ನೆತ್ತಿಯ ಚರ್ಮವೇ ಕಿತ್ತುಬರುತ್ತಿತ್ತು. ಹೀಗೆ ಗಾಯಗೊಂಡವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆ ದಂಡಕ್ಕೆ ಒಂದು ಮುಚ್ಚಳ ಹಾಕಿದರೆ ಸಾಕು, ಅಪಾಯ ತಪ್ಪುತ್ತದೆ. 2009ರಲ್ಲಿ ಬ್ರೆಜಿಲ್ ಅದಕ್ಕಾಗಿಯೇ ಒಂದು ಕಾನೂನು ಮಾಡಿ ಮುಚ್ಚಳವನ್ನು ಕಡ್ಡಾಯಗೊಳಿಸಿತು. ಯೋಚಿಸಿರಿ: ಒಂದು ಸಣ್ಣ ಮುಚ್ಚಳ. ಯಾವ ದಾನಿಯೂ ಅದರ ಮೇಲೆ ತನ್ನ ಹೆಸರನ್ನು ಕೆತ್ತಿಸಲಾರ. ಆದರೆ ಒಂದು ಹೆಣ್ಣುಮಗುವಿನ ವಿದ್ಯೆಯೂ ಬಾಳೂ ಅದರ ಮೇಲೆ ನಿಂತಿವೆ. ದೇಶವನ್ನು ಅರಿತು ಕೊಡುವುದೆಂದರೆ ಇದು.

ಕಾಲ

ನೀರು ಏರಿದಾಗ ಒಂದು ಕಷ್ಟ, ಇಳಿದಾಗ ಇನ್ನೊಂದು ಕಷ್ಟ. ಮನಾವುಸ್ ನಗರದಲ್ಲಿ ರಿಯೋ ನೇಗ್ರೊ ನದಿಯ ಮಟ್ಟವನ್ನು 1902ರಿಂದ ಅಳೆಯುತ್ತಾ ಬಂದಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಅದು 12.70 ಮೀಟರ್‌ಗೆ ಇಳಿದು ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. 2024ರ ಅಕ್ಟೋಬರ್‌ನಲ್ಲಿ 12.11 ಮೀಟರ್‌ಗೆ ಇಳಿದು ತನ್ನ ದಾಖಲೆಯನ್ನೇ ಮುರಿಯಿತು. 2023ರಲ್ಲಿ ಟೆಫೆಯ ಸರೋವರದ ನೀರು ಬಿಸಿಯೇರಿ ನೂರಕ್ಕೂ ಮಿಕ್ಕಿ ನದೀ ಡಾಲ್ಫಿನ್‌ಗಳು ಸತ್ತವು. ದೋಣಿಗಳು ಕೆಸರಿನಲ್ಲಿ ಹೂತು ನಿಂತವು. 2024ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ ಕೊಟ್ಟ ಲೆಕ್ಕದಂತೆ ಬ್ರೆಜಿಲ್, ಕೊಲಂಬಿಯಾ, ಪೆರು ದೇಶಗಳ ಅಮೆಜಾನ್ ಪ್ರದೇಶದಲ್ಲಿ 4,20,000ಕ್ಕೂ ಹೆಚ್ಚು ಮಕ್ಕಳು ಬಾಧಿತರಾದರು. ಬ್ರೆಜಿಲ್ ಒಂದರಲ್ಲೇ 1,700ಕ್ಕೂ ಹೆಚ್ಚು ಶಾಲೆಗಳು ಮುಚ್ಚಿದವು ಅಥವಾ ತಲುಪಲಾಗದಂತಾದವು.

ಬ್ರೆಜಿಲಿನ 1996ರ ಶಿಕ್ಷಣ ಕಾನೂನು ಇದಕ್ಕೆ ಒಂದು ಅವಕಾಶ ಮಾಡಿಕೊಟ್ಟಿದೆ. ಗ್ರಾಮಾಂತರ ಶಾಲೆಗಳು ತಮ್ಮ ವರ್ಷದ ವೇಳಾಪಟ್ಟಿಯನ್ನು ಬೇಸಾಯದ ಕಾಲಕ್ಕೂ ಹವೆಗೂ ಹೊಂದಿಸಿಕೊಳ್ಳಬಹುದು. ನದಿಯು ಶಾಲೆಯ ಗಂಟೆಯನ್ನು ಕೇಳುವುದಿಲ್ಲ, ಶಾಲೆಯೇ ನದಿಯ ಗಂಟೆಯನ್ನು ಕೇಳಬೇಕು ಎಂಬ ತಿಳಿವಳಿಕೆ ಇದು. ಉಪಾಧ್ಯಾಯರು ಸಿಗದ ಊರುಗಳಿಗಾಗಿ ಅಮೆಜೋನಾಸ್ ರಾಜ್ಯವು 2007ರಲ್ಲಿ ಉಪಗ್ರಹದ ಮೂಲಕ ಪಾಠವನ್ನು ಆರಂಭಿಸಿತು. ವಿಷಯತಜ್ಞರು ಮನಾವುಸಿನಿಂದ ಪಾಠ ಹೇಳುತ್ತಾರೆ. ಆದರೆ ಹಳ್ಳಿಯ ತರಗತಿಯಲ್ಲಿ ಒಬ್ಬ ಉಪಾಧ್ಯಾಯರು ಮಕ್ಕಳ ಜೊತೆಯಲ್ಲೇ ಇರುತ್ತಾರೆ. ಯಂತ್ರ ಬಂದಿತೆಂದು ಮನುಷ್ಯನನ್ನು ಬಿಡಲಿಲ್ಲ. ನಮ್ಮ ನಾಲ್ಕು ಕಂಪ್ಯೂಟರುಗಳ ಜೊತೆಗೆ ಅಂತಹ ಒಬ್ಬರು ಇರಲಿಲ್ಲ.

ಕಾಲ ಎಂದರೆ ಋತುವಷ್ಟೇ ಅಲ್ಲ; ಎಷ್ಟು ಕಾಲ ಜೊತೆಗಿರುತ್ತೇವೆ ಎಂಬುದೂ ಹೌದು. ಇದಕ್ಕೆ ಟೆಫೆಯ ಕಥೆಯೇ ಉದಾಹರಣೆ. 1961ರಲ್ಲಿ ಬ್ರೆಜಿಲಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿಯು ಸರಕಾರದ ಸಹಕಾರದೊಡನೆ ರೇಡಿಯೋ ಮೂಲಕ ಅಕ್ಷರ ಕಲಿಸುವ ಒಂದು ಚಳವಳಿಯನ್ನು ಆರಂಭಿಸಿತು. 1963ರಲ್ಲಿ ಟೆಫೆಯಲ್ಲಿ ಗ್ರಾಮಶಿಕ್ಷಣಕ್ಕಾಗಿಯೇ ಒಂದು ರೇಡಿಯೋ ಕೇಂದ್ರ ಸ್ಥಾಪನೆಯಾಯಿತು. ನದೀತೀರದಲ್ಲಿ ಅಲ್ಲೊಂದು ಇಲ್ಲೊಂದು ಮನೆಯಂತೆ ಚದುರಿದ್ದ ಜನರು ರೇಡಿಯೋ ಇದ್ದೆಡೆ ಕೂಡತೊಡಗಿದರು. ಊರಿನವರೇ ಒಬ್ಬರು ಎದ್ದುನಿಂತು, ಕೇಳಿದ ಪಾಠವನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ಅಕ್ಷರಕ್ಕಾಗಿ ಕೂಡಿದವರು ಕ್ರಮೇಣ ಒಂದು ಸಮುದಾಯವಾದರು. 1980ರ ದಶಕದಲ್ಲಿ ಹೊರಗಿನ ದೊಡ್ಡ ದೋಣಿಗಳು ಬಂದು ಅವರ ಸರೋವರಗಳನ್ನು ಬರಿದುಮಾಡತೊಡಗಿದಾಗ, ಈ ಸಮುದಾಯಗಳೇ ಕೂಡಿ ಯಾವ ಸರೋವರವನ್ನು ಕಾಯಬೇಕು, ಯಾವುದನ್ನು ಬಳಸಬೇಕು ಎಂದು ಕಟ್ಟಳೆ ಮಾಡಿಕೊಂಡವು.

ಮುಂದೆ ಅಲ್ಲಿಗೆ ಜೋಸೆ ಮಾರ್ಸಿಯೊ ಐರೆಸ್ ಎಂಬ ವಿಜ್ಞಾನಿ ಬಂದರು. ಅವರು ಬಂದದ್ದು ಕೆಂಪು ಮುಖದ ಅಪೂರ್ವ ಕೋತಿಯೊಂದನ್ನು ಅಭ್ಯಸಿಸಲು. ಕಾಡನ್ನು ಉಳಿಸಬೇಕಾದರೆ ಕಾಡಿನ ಜನರನ್ನು ಹೊರಗೆ ಹಾಕಬಾರದು, ಅವರನ್ನೇ ಕಾವಲುಗಾರರನ್ನಾಗಿ ಮಾಡಬೇಕು ಎಂಬ ನಿರ್ಧಾರಕ್ಕೆ ಅವರು ಬಂದರು. ಅದರ ಫಲವಾಗಿ 1996ರಲ್ಲಿ ಮಾಮಿರವಾ, ಜನರು ಒಳಗೇ ಉಳಿದು ಕಾಯುವ ರಕ್ಷಿತಾರಣ್ಯವಾಯಿತು. ಐರೆಸ್ 2003ರಲ್ಲಿ ತೀರಿಕೊಂಡರು. ಅವರ ಕೆಲಸ ನಿಲ್ಲಲಿಲ್ಲ.

1999ರಲ್ಲಿ ಅಲ್ಲಿ ಪಿರರುಕು ಎಂಬ ಮಹಾಮತ್ಸ್ಯದ ವಿಷಯದಲ್ಲಿ ಒಂದು ಹೊಸ ಕ್ರಮ ಆರಂಭವಾಯಿತು. ಮತ್ಸ್ಯಾಹಾರ ನಮಗೆ ವರ್ಜ್ಯವಾದುದರಿಂದ ಈ ಪ್ರಸ್ತಾಪವೇಕೆ ಎಂದು ಕೆಲವರಿಗೆ ಅನಿಸಬಹುದು. ನೀರೇ ನೆಲವಾಗಿರುವ ಜನರ ಅನ್ನವನ್ನು ತೂಗಿನೋಡುವುದು ನಮ್ಮ ಕೆಲಸವಲ್ಲ. ಅವರ ಸಂಯಮವನ್ನು ಗಮನಿಸೋಣ. ಈ ಮೀನು ಉಸಿರಾಡಲು ಆಗಾಗ ನೀರಿನ ಮೇಲಕ್ಕೆ ಬರುತ್ತದೆ. ಆ ಕ್ಷಣದಲ್ಲಿ ಅನುಭವಿಗಳು ಒಂದೊಂದನ್ನೂ ಎಣಿಸಿ ಬರೆದಿಡುತ್ತಾರೆ. ಬೆಳೆದ ಮೀನುಗಳಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಸರಕಾರ ಆ ಲೆಕ್ಕವನ್ನು ನೋಡಿಯೇ ಅನುಮತಿ ಕೊಡುತ್ತದೆ. ಬಹುತೇಕ ಅಳಿದುಹೋಗಿದ್ದ ಆ ಜೀವಿ ಹಲವು ಪಟ್ಟು ಹೆಚ್ಚಿತು. ಊರಿಗೆ ಆದಾಯವೂ ಬಂತು. ಶಾಲೆಯಲ್ಲಿ ಕಲಿತ ಎಣಿಕೆ, ಬರವಣಿಗೆ, ಸಭೆ ನಡೆಸುವ ಅಭ್ಯಾಸ ಎಲ್ಲವೂ ಇಲ್ಲಿ ಕೆಲಸಕ್ಕೆ ಬಂದವು. 1963ರ ರೇಡಿಯೋ ಪಾಠದಿಂದ 1999ರ ಈ ಎಣಿಕೆಯವರೆಗೆ 36 ವರ್ಷಗಳು! ಒಂದು ವರ್ಷದ ದೇಣಿಗೆಗೆ ಮುಂದಿನ ವರ್ಷದ ಸಂಚಿಕೆಯಲ್ಲಿ ಫಲಿತಾಂಶ ಕೇಳುವ ನಮಗೆ ಇದು ಪಾಠವಲ್ಲವೇ?

ಪಾತ್ರ

ಮೂರನೆಯದು ಪಾತ್ರ. ಯೋಗ್ಯನಿಗೆ ಕೊಡಬೇಕು ಎಂಬುದು ಅದರ ಅರ್ಥ. ಆದರೆ ಪಡೆಯುವವನ ಯೋಗ್ಯತೆಯನ್ನು ಗುರುತಿಸಿ ಗೌರವಿಸಬೇಕು ಎಂಬುದೂ ಅದರಲ್ಲಿ ಅಡಗಿದೆ. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅದೇ ರಾಜ್ಯದ ರಿಯೋ ನೇಗ್ರೊ ನದಿಯ ಮೇಲ್ಭಾಗ ಸಾಕ್ಷಿ. 20ನೆಯ ಶತಮಾನದ ಆರಂಭದಿಂದ ಹಲವು ದಶಕಗಳ ಕಾಲ ಅಲ್ಲಿ ಧರ್ಮಪ್ರಚಾರಕರು ವಸತಿಶಾಲೆಗಳನ್ನು ನಡೆಸಿದರು. ಅನ್ನ, ಬಟ್ಟೆ, ಅಕ್ಷರ ಎಲ್ಲವನ್ನೂ ಕೊಟ್ಟರು. ಆದರೆ ಮಕ್ಕಳನ್ನು ತಂದೆತಾಯಿಗಳಿಂದ ದೂರವಿಟ್ಟರು, ಮನೆಮಾತನ್ನಾಡಿದರೆ ಶಿಕ್ಷಿಸಿದರು. ಟೆಫೆಯಲ್ಲಿ ರೇಡಿಯೋ ಪಾಠ ನಡೆಸಿದ ಧರ್ಮದವರೇ ಇವರೂ. ಆದ್ದರಿಂದ ಇದು ಯಾವ ಮತದ ನಿಂದೆಯೂ ಅಲ್ಲ. ಒಳ್ಳೆಯ ಉದ್ದೇಶದ ದಾನಿಯೂ, ಎದುರಿನ ಜೀವದ ಸ್ವರೂಪವನ್ನು ಕಾಣದಿದ್ದರೆ, ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತಾನೆ ಎಂಬುದಷ್ಟೇ ಇಲ್ಲಿನ ತಾತ್ಪರ್ಯ.

ಆ ಜನರು ಮುಂದೆ ಎಚ್ಚೆತ್ತರು. 2000ದಲ್ಲಿ ಬನಿವಾ ಮತ್ತು ಕೊರಿಪಾಕೊ ಜನರು ಇಸಾನಾ ನದಿಯ ತೀರದಲ್ಲಿ ಪಮಾಲಿ ಎಂಬ ತಮ್ಮದೇ ಶಾಲೆಯನ್ನು ಆರಂಭಿಸಿದರು. ಪಾಠದ ಕ್ರಮವನ್ನು ತಾವೇ ರೂಪಿಸಿಕೊಂಡರು. 2002ರಲ್ಲಿ ಸಾವ್ ಗೇಬ್ರಿಯಲ್ ದ ಕಶೊಯೆರಾ ಎಂಬ ಅಲ್ಲಿನ ಪುರಸಭೆಯು ಪೋರ್ಚುಗೀಸಿನ ಜೊತೆಗೆ ನ್ಯೆಂಗಾತು, ತುಕಾನೊ, ಬನಿವಾ ಎಂಬ ಮೂರು ಸ್ಥಳೀಯ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. ನೆರೆಯ ಪೆರು ದೇಶದಲ್ಲಿ, ಹೊರಗಿನಿಂದ ರಸ್ತೆಯೇ ಇಲ್ಲದ ಇಕಿಟೋಸ್ ನಗರದಲ್ಲಿ, 1988ರಿಂದ ಬುಡಕಟ್ಟಿನ ತರುಣರನ್ನೇ ದ್ವಿಭಾಷಾ ಉಪಾಧ್ಯಾಯರನ್ನಾಗಿ ತರಬೇತುಗೊಳಿಸುವ ಕೆಲಸ ಆರಂಭವಾಯಿತು. ಹೊರಗಿನಿಂದ ಬಂದ ಉಪಾಧ್ಯಾಯ ನೀರು ಏರಿದರೆ ಹೊರಟುಹೋಗಬಹುದು. ಊರಿನ ಮಗ ಎಲ್ಲಿಗೆ ಹೋದಾನು?

ಪರನಾಡಿನಲ್ಲಿದ್ದು ಮಕ್ಕಳಿಗೆ ಕನ್ನಡ ಕಲಿಸಲು ಹೆಣಗುತ್ತಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಸ್ತ್ರದ ಪ್ರಮೇಯಗಳನ್ನು ಕನ್ನಡದಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ ಹರಿದಾಸರ ಪರಂಪರೆ ನಮ್ಮದು. ಜೀವಜೀವರಲ್ಲಿ ಭೇದವಿದೆ, ಪ್ರತಿಯೊಂದು ಜೀವಕ್ಕೂ ತನ್ನದೇ ಸ್ವರೂಪವಿದೆ ಎಂದು ಶ್ರೀಮದಾಚಾರ್ಯರು ಸಾರಿದರು. ಹಾಗಿದ್ದ ಮೇಲೆ, ಒಬ್ಬರ ಮಗುವನ್ನು ನಮ್ಮ ಅಚ್ಚಿನಲ್ಲಿ ಎರಕ ಹೊಯ್ಯುವುದು ವಿದ್ಯಾದಾನವಾಗಲಾರದು. ಅದರ ಸ್ವರೂಪ ಅರಳಲು ಅನುವು ಮಾಡಿಕೊಡುವುದೇ ವಿದ್ಯಾದಾನ.

ಊಟದ ವಿಷಯದಲ್ಲೂ ಇದೇ ವಿವೇಕ. ಶಾಲೆಯ ಊಟಕ್ಕಾಗಿ ಕೇಂದ್ರ ಕೊಡುವ ಹಣದಲ್ಲಿ ನೂರಕ್ಕೆ ಕನಿಷ್ಠ 30 ಭಾಗವನ್ನು ಸಣ್ಣ ರೈತಕುಟುಂಬಗಳಿಂದಲೇ ಕೊಳ್ಳಲು ಬಳಸಬೇಕೆಂದು ಬ್ರೆಜಿಲ್ 2009ರಲ್ಲಿ ಕಾನೂನು ಮಾಡಿತು. ಊರಿನವರು ಬೆಳೆದ ಮರಗೆಣಸು, ಬಾಳೆ ಊರಿನ ಮಕ್ಕಳ ತಟ್ಟೆಗೆ ಬಂದರೆ, ಒಂದೇ ಹಣ ಮಗುವಿನ ಹಸಿವನ್ನೂ ಮನೆಯ ಸಾಲವನ್ನೂ ತೀರಿಸುತ್ತದೆ.

ನಮ್ಮ ಕರ್ತವ್ಯ

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ಪಶ್ಚಿಮಘಟ್ಟಗಳ ಮಳೆಕಾಡು ಉಡುಪಿಯ ಬೆನ್ನಿಗೇ ಇದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ನಾಡಿಗೆ ಬೆಳಕು ಬಂದಿತು. ತುಮರಿಯ ಕಡೆಯ ಜನರು ಹಿನ್ನೀರಿನಾಚೆ ದ್ವೀಪವಾಸಿಗಳಂತಾದರು. ಶಾಲೆ, ಆಸ್ಪತ್ರೆ, ಸಂತೆ ಎಲ್ಲಕ್ಕೂ ಲಾಂಚಿನ ಸಮಯ ಕಾದು ಕುಳಿತರು. ಸಿಗಂದೂರಿನ ಆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು, ಆರು ದಶಕಗಳ ನಂತರ. ಇನ್ನೊಂದು ಸಂಗತಿಯನ್ನು ಹೇಳಲು ನಾಲಿಗೆ ಏಳದು. 2022ರ ಆಗಸ್ಟ್‌ನಲ್ಲಿ, ಕೃಷ್ಣನು ನೆಲೆಸಿರುವ ಉಡುಪಿಯ ಜಿಲ್ಲೆಯಲ್ಲಿಯೇ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ಹಳ್ಳಕ್ಕೆ ಬಿದ್ದು ಕೊಚ್ಚಿಹೋದಳು. ಆ ಸುದ್ದಿಯನ್ನು ಓದಿದ ದಿನ ನನಗೆ ನೆನಪಾದದ್ದು ಗೋಣಿಚೀಲ ಹೊದ್ದ ನಮ್ಮ ಕಂಪ್ಯೂಟರುಗಳು, ಮತ್ತು ಆ ಮುಖ್ಯೋಪಾಧ್ಯಾಯರ ಮಾತು.

ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತ. ಜಗತ್ತು ಸತ್ಯವಾದರೆ ಆ ಹೊಳೆ ಸತ್ಯ, ಆ ಕೊಳೆತ ಮರದ ಸಂಕ ಸತ್ಯ, ಆ ತಾಯಿಯ ಕಣ್ಣೀರೂ ಸತ್ಯ. ಜನಸೇವೆಯು ಜಗದೊಡೆಯನಿಗೆ ನಾವು ಸಲ್ಲಿಸಬೇಕಾದ ಕಂದಾಯವೆಂದು ಆಚಾರ್ಯರು ಗೀತೆಯನ್ನು ವಿವರಿಸುವಾಗ ಉಪದೇಶಿಸಿದ್ದಾರೆ. ಕಂದಾಯ ಕಟ್ಟಿದವನು ದೊರೆಯಿಂದ ಶಾಲು ಕೇಳುವುದಿಲ್ಲ. ಬಾಕಿ ಉಳಿಯಿತೇ ಎಂದು ಅಂಜುತ್ತಾನೆ. 1977ರ ಚಂಡಮಾರುತದಲ್ಲಿ ಆಂಧ್ರದ ಕೃಷ್ಣಾನದಿಯ ಮುಖದಲ್ಲಿರುವ ಹಂಸಲದೀವಿ ಹಾಳಾದಾಗ, ವೃಂದಾವನಸ್ಥರಾದ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದರು ಅಲ್ಲಿಗೆ ತಾವೇ ಹೋಗಿ, ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ಹೋಗಿ ನೋಡಿದ ಮೇಲೆ ಕೊಟ್ಟರು ಎಂಬುದು ಇಲ್ಲಿ ಮುಖ್ಯ.

ಆದುದರಿಂದ ವಿದ್ಯಾನಿಧಿಯ ವಿಷಯದಲ್ಲಿ ಈ ಸಭೆಯ ಮುಂದೆ ನನ್ನ ವಿನಂತಿಗಳು ಇಷ್ಟು. ಮೊದಲನೆಯದಾಗಿ, ಶಾಲೆಯನ್ನು ಬೇಸಿಗೆಯಲ್ಲಿ ಅಲ್ಲ, ಆಷಾಢದ ಮಳೆಯಲ್ಲಿ ಹೋಗಿ ನೋಡೋಣ. ಮಕ್ಕಳು ಬರುವ ದಾರಿಯಲ್ಲಿಯೇ ನಡೆಯೋಣ. ಎರಡನೆಯದಾಗಿ, ಏನು ಬೇಕೆಂಬುದನ್ನು ನಾವು ಗೊತ್ತುಮಾಡದೆ, ಶಾಲಾಭಿವೃದ್ಧಿ ಸಮಿತಿಯನ್ನೂ ಮುಖ್ಯವಾಗಿ ತಾಯಂದಿರನ್ನೂ ಕೇಳೋಣ. ಅವರು ಸಂಕ ಎಂದರೆ ಪಂಚಾಯತಿಯೊಡನೆ ಕೂಡಿ ಸಂಕ. ಛತ್ರಿ ಎಂದರೆ ಛತ್ರಿ. ಉಪಾಧ್ಯಾಯಿನಿ ಊರಲ್ಲೇ ಉಳಿಯಲು ಒಂದು ಕೋಣೆ ಎಂದರೆ ಕೋಣೆ. ಮೂರನೆಯದಾಗಿ, ಒಂದೇ ಶಾಲೆಯ ಜೊತೆ ಕನಿಷ್ಠ ಐದು ವರ್ಷ ಇರೋಣ. ನಾಲ್ಕನೆಯದಾಗಿ, ಆ ಊರಿನ ಒಬ್ಬ ತರುಣನೋ ತರುಣಿಯೋ ಉಪಾಧ್ಯಾಯರ ತರಬೇತಿ ಪಡೆಯಲು ವೆಚ್ಚ ವಹಿಸೋಣ; ಅದೇ ತೇವಕ್ಕೆ ತುಕ್ಕು ಹಿಡಿಯದ ಯಂತ್ರ. ಕೊನೆಯದಾಗಿ, ಗೋಡೆಯ ಮೇಲೆ ನಮ್ಮ ಹೆಸರಿನ ಕಲ್ಲು ಬೇಡ.

“ನಮ್ಮ ಮಕ್ಕಳಿಗೇ ವಿದ್ಯಾರ್ಥಿವೇತನ ಸಾಲದು, ಹೊರಗೇಕೆ?” ಎಂದು ಹಿರಿಯರೊಬ್ಬರು ನಿನ್ನೆ ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಮ್ಮ ವಿದ್ಯಾರ್ಥಿಗಳ ಪಾಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದು. ಆದರೆ ಆರಾಧನೆಯ ಅಲಂಕಾರದಲ್ಲಿ, ಶಾಲು ಹಾರಗಳಲ್ಲಿ, ಈ ಸಂಚಿಕೆಯ ಬಣ್ಣದ ಪುಟಗಳಲ್ಲಿ ನಾವು ಉಳಿಸಬಹುದಾದದ್ದು ಇದೆ. ಲೆಕ್ಕ ನೋಡಿದವನಾಗಿ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ತಾನು ಕೊಟ್ಟೆನೆಂಬ ಅಭಿಮಾನ ಬಂದೊಡನೆ ದಾನವು ಕೆಡುತ್ತದೆ. ಸ್ವತಂತ್ರನಾದ ಶ್ರೀಹರಿಯೊಬ್ಬನೇ ಕರ್ತೃ; ನಾವು ಆತನ ಕೈಯಲ್ಲಿನ ಉಪಕರಣಗಳು. ಆ ದೋಣಿಯ ದಂಡದ ಮೇಲಿನ ಸಣ್ಣ ಮುಚ್ಚಳದಂತೆ, ಯಾರ ಕಣ್ಣಿಗೂ ಬೀಳದೆ ಒಂದು ಮಗುವನ್ನು ಕಾಯುವ ಭಾಗ್ಯವನ್ನು ಹರಿವಾಯುಗುರುಗಳು ನಮಗೆ ಕರುಣಿಸಲಿ ಎಂದು ಪ್ರಾರ್ಥಿಸಿ, ಈ ಮಾತುಗಳನ್ನು ಗುರುರಾಯರ ಅಂತರ್ಗತನಾದ ಭಗವಂತನ ಪಾದಗಳಿಗೆ ಸಮರ್ಪಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥